ತಕ್ಕಡಿಯ ತಟ್ಟೆಗೆ ಇಟ್ಟ ಗಂಧ

ಡಿಯರ್‌ಬಾರ್ನ್ ಬಳಿಯ ಕ್ಯಾಂಟನ್‌ನ ನಮ್ಮ ಮನೆಯಲ್ಲಿ ಎರಡು ಮಡಿಗಳಿದ್ದವು. ಒಂದು ಮೇಲೆ, ಅಮ್ಮನ ಅಡುಗೆಮನೆಯದು. ಅದನ್ನು ಯಾರೂ ಅಷ್ಟಾಗಿ ಪಾಲಿಸುತ್ತಿರಲಿಲ್ಲ, ಅಮ್ಮನೂ ಸೇರಿದಂತೆ. ಇನ್ನೊಂದು ಕೆಳಗೆ, ಬೇಸ್‌ಮೆಂಟಿನಲ್ಲಿ, ಅಪ್ಪನದು. ಅದನ್ನು ಮೀರುವ ಧೈರ್ಯ ಯಾರಿಗೂ ಇರಲಿಲ್ಲ. ಬಾಯಲ್ಲಿ ಏನನ್ನಾದರೂ ಹಾಕಿಕೊಂಡು ಇಳಿಯುವ ಹಾಗಿಲ್ಲ, ಒಂದು ಕಡಲೆಬೀಜ ಕೂಡ. ಇಳಿಯುವ ಮೊದಲೂ ಕೈ ತೊಳೆಯಬೇಕು, ಹತ್ತಿ ಬಂದ ಮೇಲೂ ತೊಳೆಯಬೇಕು. ಅಪ್ಪ ತೂಗುತ್ತಿರುವಾಗ ಮಾತನಾಡಕೂಡದು, ಸೀನಕೂಡದು, ಪಕ್ಕದ ವಾಷಿಂಗ್ ಮೆಷಿನ್ ಓಡುತ್ತಿರಕೂಡದು, ಏಕೆಂದರೆ ನೆಲ ನಡುಗುತ್ತದೆ. ಮೇಜಿನ ಮೇಲೆ ಮದ್ದಿನ ಡಬ್ಬಿ ಒಂದೇ ಇರಬೇಕು; ಎರಡನೆಯದು ಬೇಕೆಂದರೆ ಮೊದಲನೆಯದು ಬೀರು ಸೇರಿ ಅದಕ್ಕೆ ಬೀಗ ಬಿದ್ದಿರಬೇಕು. ಇದಕ್ಕೆಲ್ಲ ಅಮ್ಮ 'ನಿಮ್ಮಪ್ಪನ ಮಡಿ' ಎಂದು ಹೆಸರಿಟ್ಟಿದ್ದಳು. ದೇವರ ಮುಂದೆ ಕಾಫಿ ಲೋಟ ಹಿಡಿದುಕೊಂಡೇ ನಮಸ್ಕಾರ ಮಾಡುವ ಮನುಷ್ಯ ಬೇಸ್‌ಮೆಂಟಿಗೆ ಇಳಿದರೆ ಪುರೋಹಿತರಾಗಿಬಿಡುತ್ತಾರೆ ಎಂಬುದು ಅವಳ ದೂರು. ದೂರು ನಿಜವೇ ಆಗಿತ್ತು.

ಅಪ್ಪ ಅಲ್ಲಿ ರಿವಾಲ್ವರಿನ ಕಾಡತೂಸುಗಳನ್ನು ತಮ್ಮ ಕೈಯಿಂದಲೇ ತುಂಬುತ್ತಿದ್ದರು. ಹಾರಿಸಿ ಖಾಲಿಯಾದ ಹಿತ್ತಾಳೆ ಕೊಳವೆಗಳನ್ನು ಶೂಟಿಂಗ್ ಕ್ಲಬ್ಬಿನಿಂದ ಹೆಕ್ಕಿ ತರುವರು. ಅವನ್ನು ಉಜ್ಜಿ ಬೆಳಗಿ, ಹಿಡಿ ಎಳೆದು ಒತ್ತುವ ಒಂದು ಪುಟ್ಟ ಯಂತ್ರದಲ್ಲಿ ಅವುಗಳ ಮೈಯನ್ನು ಮತ್ತೆ ಅಳತೆಗೆ ತರುವರು. ತಳದಲ್ಲಿ ಕಿಡಿ ಹುಟ್ಟಿಸುವ ಸಣ್ಣ ಬಿಲ್ಲೆ, ಅದರ ಮೇಲೆ ತೂಗಿದ ಮದ್ದು, ಬಾಯಿಗೆ ಒಂದು ಗುಂಡು. ಅಷ್ಟೇ. ಆದರೆ ಈ ಅಷ್ಟೇ ಎನ್ನುವುದರಲ್ಲಿ ಒಂದು ಸಂಜೆ ಕಳೆದುಹೋಗುತ್ತಿತ್ತು. ನಾನು ಮೆಟ್ಟಿಲ ಮೇಲೆ ಕೂತು ಗಲ್ಲಕ್ಕೆ ಕೈಕೊಟ್ಟು ನೋಡುತ್ತಿದ್ದೆ. ಮೈಸೂರಿನಿಂದ ಬಂದು ಎರಡು ಚಳಿಗಾಲ ಕಳೆದಿರಬೇಕು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರತೊಡಗಿತ್ತು. ದೇವಸ್ಥಾನದಲ್ಲಿ ಆಗಬೇಕು ಎಂದು ಅಮ್ಮ ಬಯಸುತ್ತಿದ್ದ ಭಕ್ತಿ ನನಗೆ ಆಗುತ್ತಿದ್ದದ್ದು ಆ ಮೆಟ್ಟಿಲ ಮೇಲೆ.

ಅಪ್ಪ ಹುಟ್ಟಿದ್ದು ಮೈಸೂರಿನ ಅಕ್ಕಸಾಲಿಗರ ಮನೆಯಲ್ಲಿ. ಅಂಗಡಿಯಲ್ಲಿ ಗಾಜಿನ ಗೂಡಿನೊಳಗೆ ತಾತನ ತಕ್ಕಡಿ ಇರುತ್ತಿತ್ತು. ಫ್ಯಾನ್ ಗಾಳಿ ಕೂಡ ಅದಕ್ಕೆ ತಾಗಬಾರದು. ಅಪ್ಪ ಓದಿ ಎಂಜಿನಿಯರ್ ಆದರು, ಡಿಯರ್‌ಬಾರ್ನ್‌ನಲ್ಲಿ ಕಾರು ಕಂಪನಿಯೊಂದರ ಕೆಲಸಕ್ಕೆ ಸೇರಿದರು. ಕೆಲಸವೆಂದರೆ ಕಾರಿನ ಬಾಗಿಲಿನ ಕೀಲುಗಳನ್ನು ಕಂಪ್ಯೂಟರಿನಲ್ಲಿ ಬರೆಯುವುದು. "ದಿನಾ ಕೀಲು ಬರೀತೀನಿ, ಒಂದನ್ನೂ ಮುಟ್ಟಲ್ಲ" ಎಂದು ಊಟದ ಹೊತ್ತಿಗೆ ಹೇಳುತ್ತಿದ್ದರು. ಆಫೀಸಿನ ಗ್ಯಾರಿ ಅಂಕಲ್ ಒಂದು ಶನಿವಾರ ಅವರನ್ನು ತಮ್ಮ ಗ್ಯಾರೇಜಿಗೆ ಕರೆದುಕೊಂಡು ಹೋಗಿ ಕಾಡತೂಸು ತುಂಬುವುದನ್ನು ತೋರಿಸಿದರು. ಅಪ್ಪ ರಿವಾಲ್ವರಿಗೆ ಮರುಳಾಗಲಿಲ್ಲ, ಅಲ್ಲಿದ್ದ ತಕ್ಕಡಿಗೆ ಮರುಳಾದರು. ಒಂದು ಕಡೆ ತಟ್ಟೆ, ಇನ್ನೊಂದು ಕಡೆ ಗೆರೆ ಕೊರೆದ ದಂಡ, ಅದರ ಮೇಲೆ ಜರುಗುವ ಬಟ್ಟು, ಕೊನೆಗೆ ಸೊನ್ನೆಯ ಗುರುತಿಗೆ ಬಂದು ನಿಲ್ಲುವ ಮುಳ್ಳು. ಕಾಲಿಗೊಂದು ತಿರುಪು, ಅದನ್ನು ತಿರುಗಿಸಿ ಖಾಲಿ ತಟ್ಟೆಯನ್ನು ಸೊನ್ನೆಗೆ ತರುವುದು. ನಮ್ಮ ಬೇಸ್‌ಮೆಂಟಿಗೆ ಅಂಥದೇ ತಕ್ಕಡಿ ಬಂದ ಮೊದಲ ದಿನ ಅಪ್ಪ ಅದರ ಮೇಲೆ ಇಟ್ಟದ್ದು ಮದ್ದನ್ನಲ್ಲ, ಒಂದು ಗುಲಗಂಜಿಯನ್ನು. ತಾತನ ಅಂಗಡಿಯ ಒಂದಿಷ್ಟು ಗುಲಗಂಜಿ ಅವರ ಬಳಿ ಹಾರ್ಲಿಕ್ಸ್ ಬಾಟಲಿನಲ್ಲಿದ್ದವು.

"ನೋಡು ಪುಟ್ಟಿ. ಈ ದೇಶದಲ್ಲಿ ಮದ್ದನ್ನ ಗ್ರೇನ್ ಲೆಕ್ಕದಲ್ಲಿ ತೂಗ್ತಾರೆ. ಗ್ರೇನ್ ಅಂದ್ರೆ ಕಾಳು. ಇವರದ್ದೂ ಕಾಳು, ನಮ್ಮದೂ ಕಾಳು. ನಮ್ಮದು ಸ್ವಲ್ಪ ದಪ್ಪ, ಅಷ್ಟೇ."

ಕೆಂಪು ಮೈ, ಕಪ್ಪು ತಲೆಯ ಆ ಒಂದು ಕಾಳಿಗೆ ಕಬ್ಬಿಣದ ದಂಡ ತಲೆ ಎತ್ತಿತು. ಇಷ್ಟು ಹಗುರವಾದದ್ದಕ್ಕೂ ತೂಕ ಇದೆ ಮತ್ತು ಅದನ್ನು ತಿಳಿಯಬಹುದು ಎನ್ನುವುದು ನನಗೆ ಆವರೆಗೆ ಗೊತ್ತಿರಲಿಲ್ಲ. ಈಗ ಲಿಸ್ಲ್ ಎಂಬ ಊರಿನಲ್ಲಿದ್ದುಕೊಂಡು ಎಳೆಗೂಸುಗಳ ಔಷಧಿ ತೂಗುವುದೇ ನನ್ನ ಕೆಲಸವಾಗಿರುವಾಗ, ಆ ಸಂಜೆಯನ್ನು ನೆನೆಯದೆ ಒಂದು ವಾರವೂ ಹೋಗುವುದಿಲ್ಲ.

ಇನ್ನೊಂದು ಸಂಜೆ ಅಪ್ಪ ಒಂದು ಚಿಟಿಕೆ ಮದ್ದನ್ನು ಹಿತ್ತಲ ಸಿಮೆಂಟ್ ಹಾಸಿನ ಮೇಲೆ ಗೆರೆಯಾಗಿ ಸುರಿದು, ನನ್ನನ್ನು ದೂರ ನಿಲ್ಲಿಸಿ, ಉದ್ದನೆಯ ಕಡ್ಡಿಯಿಂದ ಕಿಡಿ ತಾಗಿಸಿದರು. ಢಂ ಎನ್ನುತ್ತದೆಂದು ಕಿವಿ ಮುಚ್ಚಿಕೊಂಡಿದ್ದೆ. ಅದು ಬುಸ್ ಎಂದು ಹಳದಿಯಾಗಿ ಉರಿದು ಮುಗಿಯಿತು. ಬಯಲಲ್ಲಿ ಇದ್ದರೆ ಇದು ಉರಿಯುತ್ತದೆ, ಮುಚ್ಚಿದ ಜಾಗದಲ್ಲಿ ಇದ್ದರೆ ತಳ್ಳುತ್ತದೆ, ಎಷ್ಟು ತಳ್ಳಬೇಕು ಎನ್ನುವುದನ್ನು ತೂಗುವವನು ನಿರ್ಧರಿಸಬೇಕು ಎಂದರು ಅಪ್ಪ. ಅಡುಗೆಮನೆಯ ಕಿಟಕಿಯಿಂದ ಅಮ್ಮ ಇದನ್ನು ನೋಡುತ್ತಿದ್ದಳು. ಅವತ್ತು ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಅಮ್ಮನಿಗೆ ರಿವಾಲ್ವರಿನ ಹೆದರಿಕೆ ಇರಲಿಲ್ಲ. ಅದು ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗದೊಳಗೆ ಇರುತ್ತಿತ್ತು, ಕಂಪನಿ ಮಾಡಿದ್ದು, ತಂಟೆಯಿಲ್ಲ. ಅವಳ ಹೆದರಿಕೆ ಸಿಡಿಯುವುದರದ್ದು. ಅವಳ ಬಲ ಮುಂಗೈಯಿಂದ ಮೊಣಕೈವರೆಗೆ ಚರ್ಮ ಮಡಿಸಿಟ್ಟ ರೇಷ್ಮೆಯ ಹಾಗೆ ಸುಕ್ಕಾಗಿತ್ತು. ಹುಡುಗಿಯಾಗಿದ್ದಾಗ ತವರಿನಲ್ಲಿ ಪ್ರೆಷರ್ ಕುಕ್ಕರ್ ಸಿಡಿದು, ಕುದಿಯುವ ಬೇಳೆ ಮೈಮೇಲೆ ಬಿದ್ದಿತ್ತು. ಇಲ್ಲಿಯೂ ಕುಕ್ಕರ್ ಇಟ್ಟರೆ ಅವಳು ಅಡುಗೆಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಊಟದ ಕೋಣೆಯ ಗೋಡೆಯ ಮರೆಯಲ್ಲಿ ನಿಂತು ಸೀಟಿ ಎಣಿಸುತ್ತಿದ್ದಳು. ಬೇಸ್‌ಮೆಂಟಿನ ಕೊನೆಯ ಮೆಟ್ಟಿಲನ್ನು ಅವಳು ಯಾವತ್ತೂ ದಾಟಿರಲಿಲ್ಲ. ಅಕ್ಕಿ ಚೀಲ ಬೇಕಾದರೆ ಮೆಟ್ಟಿಲ ಮೇಲಿಂದ ಕೂಗಿ ನನ್ನಿಂದ ಎಳೆಸುತ್ತಿದ್ದಳು. ಆ ವರ್ಷ ಎಲೆ ಕೆಂಪಾಗುವ ಹೊತ್ತಿಗೆ ಈ ಜಗಳ ಊಟದ ಮೇಜಿಗೆ ಬಂತು.

"ರೀ, ಬಂದೂಕು ಬೇಕಾದ್ರೆ ಇಟ್ಕೊಳ್ಳಿ. ಈ ಮದ್ದು ತುಂಬೋ ಕೆಲಸ ನಮ್ಮನೇಲಿ ಬೇಡ."

"ಕಾರ್ಖಾನೆಯವರು ಒಂದೊಂದು ಕೊಳವೆಗೂ ಟಾರ್ಚ್ ಹಾಕಿ ನೋಡಲ್ಲ ಲಲಿತ. ನಾನು ನೋಡ್ತೀನಿ."

"ಏನೂ ಆಗಲ್ಲ ಅಂತ ತಾನೇ ನಿಮ್ಮ ಮಾತು? ಎಲ್ಲಾ ಗಂಡಸರದ್ದೂ ಅದೇ ಮಾತು."

"ಏನೂ ಆಗಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ಆಗದ ಹಾಗೆ ನೋಡ್ಕೋತೀನಿ ಅಂತ ಹೇಳಿದೀನಿ."

ಅಮ್ಮ ತಟ್ಟೆಯಲ್ಲೇ ಕೈ ತೊಳೆದಳು. ಅವಳಿಗೆ ಸಿಟ್ಟು ಬಂದಾಗ ಮಾತ್ರ ಹಾಗೆ ಮಾಡುವುದು.

"ಸರಿ ಹಾಗಾದ್ರೆ. ನೀವು ತುಂಬಿದ್ದನ್ನ ನನ್ನ ಕೈಲೇ ಹಾರಿಸ್ತೀನಿ. ಈ ಸಲ ವಿಜಯದಶಮಿ ಶನಿವಾರ ಬಂದಿದೆ, ಅವತ್ತೇ ಹೋಗೋಣ. ನನಗೆ ನಂಬಿಕೆ ಬಂದ್ರೆ ನಿಮ್ಮ ಮೆಷಿನ್ ಇರ್ಲಿ, ಆಮೇಲೆ ನಾನು ಬಾಯಿ ತೆಗೆಯಲ್ಲ. ಬರ್ಲಿಲ್ಲಾಂದ್ರೆ ಭಾನುವಾರ ಅದೆಲ್ಲಾ ಗ್ಯಾರಿ ಮನೆಗೆ."

ಅಪ್ಪ ಒಪ್ಪಿದರು. ಒಪ್ಪಿದ ಮೇಲೆ ಅವರ ಮುಖ ನೋಡಬೇಕಿತ್ತು; ಹೆಣ್ಣು ನೋಡಲು ಹೊರಟ ಹುಡುಗನ ಮುಖ. ಅಮ್ಮನಿಗಾಗಿ ಗುಂಡು ಆರಿಸುವುದರಲ್ಲೇ ವಾರ ಕಳೆಯಿತು. ತಾಮ್ರದ ಹೊದಿಕೆಯ ಗುಂಡು ಬೇಡ. ಅದನ್ನು ನಳಿಗೆಯಲ್ಲಿ ಮುಂದೆ ತಳ್ಳಲು ಹೆಚ್ಚು ಬಲ ಬೇಕು. ಭಾರದ ಗುಂಡು ಬೇಡ. ಗುಂಡು ಭಾರವಾದಷ್ಟೂ ಕೈಗೆ ಬೀಳುವ ಪೆಟ್ಟು ಹೆಚ್ಚು, ಅಮ್ಮನ ಮುಂಗೈ ಮೊದಲೇ ನೊಂದದ್ದು. ಕೊನೆಗೆ ಆರಿಸಿದ್ದು ಮೆತ್ತನೆಯ ಸೀಸದ, ಮೂತಿ ಚಪ್ಪಟೆಯಾದ ಗುಂಡು. ನೋಡಲು ಮೊಂಡು ಪೆನ್ಸಿಲಿನ ತುಂಡಿನಂತೆ, ಒಂದಿಷ್ಟೂ ಗತ್ತಿಲ್ಲ. ಆದರೆ ಸಾವಧಾನವಾಗಿ ಹೋಗುತ್ತದೆ, ಕಾಗದವನ್ನು ಹರಿಯದೆ ಗುಂಡಗೆ ಕತ್ತರಿಸುತ್ತದೆ. ಅಮ್ಮನ ಕಣ್ಣಿಗೆ ಸ್ವಚ್ಛವಾದ ಒಂದು ತೂತು ಕಾಣಬೇಕು ಎಂದು ಅಪ್ಪನ ಆಸೆ.

ಮದ್ದಿನ ವಿಷಯಕ್ಕೆ ಬಂದಾಗ ಅವರು ಇನ್ನೂ ಗಂಭೀರರಾದರು. ಒಂದರ ನಂತರ ಒಂದರಂತೆ ಡಬ್ಬಿ ತೆಗೆದು, ಒಂದೊಂದು ಬಿಳಿ ಹಾಳೆಯ ಮೇಲೆ ಚಿಟಿಕೆ ಸುರಿದು ನನಗೆ ತೋರಿಸಿದರು. ಒಂದು ಗಸಗಸೆಯಂತೆ ಸಣ್ಣ, ಗುಂಡು, ಹೊಳಪು. ಇನ್ನೊಂದು ಕಪ್ಪು ಅವಲಕ್ಕಿಯ ಪುಡಿಯಂತೆ ಚಪ್ಪಟೆ, ಹಗುರ.

"ಈ ಗಸಗಸೆ ಇದೆಯಲ್ಲ, ಇದು ಸರಾಗವಾಗಿ ಇಳಿಯುತ್ತೆ. ಅಳತೆ ಡಬ್ಬಿಯ ಹಿಡಿ ಎಳೆದ್ರೆ ಪ್ರತಿ ಸಲಾನೂ ಅಷ್ಟಷ್ಟೇ ಬೀಳುತ್ತೆ, ತೂಗೋ ಕೆಲಸಾನೇ ಇಲ್ಲ. ಆದ್ರೆ ಕೊಳವೆ ತಳದಲ್ಲಿ ಇಷ್ಟೇ ಇಷ್ಟು ಕೂತ್ಕೊಳ್ಳುತ್ತೆ. ಮೈಮರೆತು ಎರಡು ಸಲ ಹಾಕಿದ್ರೂ ಕಣ್ಣಿಗೆ ಗೊತ್ತಾಗಲ್ಲ."

"ಆಂಡ್ ದೆನ್?"

"ದೆನ್ ರಿವಾಲ್ವರ್ ಒಡೆಯುತ್ತೆ. ಹಿಡಿದಿರೋ ಕೈಯೂ."

ನಾನು ಅಮ್ಮನ ಕೈಯನ್ನು ನೆನೆದೆ. ಅಪ್ಪ ಅವಲಕ್ಕಿ ಪುಡಿಯ ಹಾಳೆಯನ್ನು ಹತ್ತಿರಕ್ಕೆ ಎಳೆದರು.

"ಇದು ಹಗುರ, ಜಾಗ ಜಾಸ್ತಿ ಕೇಳುತ್ತೆ. ಒಂದು ಸಲ ಹಾಕಿದ್ರೆ ಕೊಳವೆ ಅರ್ಧಕ್ಕಿಂತ ಮೇಲೆ ತುಂಬುತ್ತೆ. ಎರಡು ಸಲ ಹಾಕಿದ್ರೆ ಹೊರಗೆ ಚೆಲ್ಲುತ್ತೆ. ನಾನು ತಪ್ಪಿದ್ರೆ ಅದೇ ಕೂಗಿ ಹೇಳುತ್ತೆ. ಒಂದೇ ತೊಂದರೆ, ಅಳತೆ ಡಬ್ಬೀಲಿ ಸಿಕ್ಕಿಕೊಳ್ಳುತ್ತೆ. ಒಂದೊಂದನ್ನೂ ತಕ್ಕಡೀಲೇ ತೂಗಬೇಕು."

"ದಟ್ಸ್ ಸೋ ಮಚ್ ವರ್ಕ್, ಅಪ್ಪಾ."

"ನಿಮ್ಮಮ್ಮನಿಗೆ ಇದೇ," ಎಂದು ಅವರು ಗಸಗಸೆಯ ಡಬ್ಬಿ ಇದ್ದ ಬೀರುವಿನ ಬೀಗವನ್ನು ಎಳೆದು ನೋಡಿದರು.

ಆ ನಡುವೆ ಮೈಸೂರಿನಿಂದ ಸರೋಜತ್ತೆ ಬಂದಳು. ಅಪ್ಪನ ಅಕ್ಕ, ನಮ್ಮ ಜೊತೆ ಸ್ವಲ್ಪ ಕಾಲ ಇರಲು ಬಂದವಳು. ಸೂಟ್‌ಕೇಸಿನಲ್ಲಿ ಗಂಧದ ಕೊರಡು, ಸಾಣೆಕಲ್ಲು ಎರಡನ್ನೂ ಸೀರೆಯಲ್ಲಿ ಸುತ್ತಿ ತಂದಿದ್ದಳು. ಬೇಸ್‌ಮೆಂಟಿಗೆ ಇಳಿದು ತಕ್ಕಡಿ ನೋಡಿದವಳೇ ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ನಮ್ಮಪ್ಪನ ಅಂಗಡಿ ಇಲ್ಲಿಗೇ ಬಂದುಬಿಟ್ಟಿದೆಯಲ್ಲೋ," ಎಂದಳು. ಮೆಟ್ಟಿಲ ಮೇಲೆ ನಿಂತಿದ್ದ ಅಮ್ಮ ಅತ್ತಿಗೆಯನ್ನು ಕೆಣಕುವ ಅವಕಾಶ ಬಿಡುವವಳಲ್ಲ. "ನೋಡ್ಕೊಳ್ಳಿ ಅತ್ತಿಗೆ, ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತಾರೆ, ನಿಮ್ಮ ಬಳೆ ತಗೊಂಡು ಗುಂಡು ಮಾಡಿಬಿಟ್ಟಾರು," ಎಂದಳು. ಅತ್ತೆ ನಕ್ಕಳು, ಆದರೆ ಬಳೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

ಶುಕ್ರವಾರ ಸಂಜೆ ಆಯುಧಪೂಜೆ. ಅಧಿಕಾರವೆಲ್ಲ ಅತ್ತೆಯದು. ಗ್ಯಾರೇಜಿನಲ್ಲಿ ಕಾರುಗಳ ಚಕ್ರಕ್ಕೆ ನಿಂಬೆಹಣ್ಣು, ಮಿಕ್ಸಿಗೆ ಕುಂಕುಮ, ಅಪ್ಪನ ಲ್ಯಾಪ್‌ಟಾಪಿಗೆ ಹೂವು. ಬೂದುಗುಂಬಳ ಸಿಗದೆ, ಹ್ಯಾಲೋವೀನ್‌ಗೆಂದು ನಾನು ತರಿಸಿಕೊಂಡಿದ್ದ ಕಿತ್ತಳೆ ಬಣ್ಣದ ಕುಂಬಳಕಾಯಿಯೇ ಡ್ರೈವ್‌ವೇಯಲ್ಲಿ ಹೋಳಾಯಿತು. ನಾನು ಅತ್ತುಬಿಟ್ಟೆ; ಎದುರು ಮನೆಯವರು ಪರದೆ ಸರಿಸಿ ನೋಡಿದರು. ಬೇಸ್‌ಮೆಂಟಿನ ಸರದಿ ಬಂದಾಗ ಅಪ್ಪ ಬಾಗಿಲಲ್ಲಿ ಅಡ್ಡ ನಿಂತರು.

"ಅಕ್ಕ, ಬೆಂಕಿ ಕೆಳಗೆ ಬೇಡ. ಕರ್ಪೂರ, ದೀಪ, ಊದುಬತ್ತಿ ಯಾವುದೂ ಬೇಡ."

"ಆರತಿ ಇಲ್ದೆ ಎಂಥಾ ಪೂಜೆನೋ ಮಂಜು?"

"ಅಲ್ಲಿರೋದು ಮದ್ದು ಅಕ್ಕ."

ಅತ್ತೆ ಮುಖ ಊದಿಸಿಕೊಂಡು ಮೆಟ್ಟಿಲ ಮೇಲಿನಿಂದಲೇ ಕತ್ತಲೆಗೆ ಆರತಿ ಎತ್ತಿದಳು. ಆ ಋಣ ಅಪ್ಪನ ಮನಸ್ಸಿನಲ್ಲಿ ಉಳಿಯಿತು. ಮರುದಿನ ಬೆಳಿಗ್ಗೆ, ವಿಜಯದಶಮಿಯಂದು, ಅಮ್ಮನ ಕಾಡತೂಸು ತುಂಬಲು ಅವರು ಸ್ನಾನ ಮಾಡಿ ಕೆಳಗಿಳಿದರೆ ಅತ್ತೆ ಆಗಲೇ ಅಲ್ಲಿದ್ದಳು. ಆಗಷ್ಟೇ ತೇಯ್ದ ಗಂಧವನ್ನು ಬೆರಳ ತುದಿಯಲ್ಲಿ ತೆಗೆದು ತಕ್ಕಡಿಯ ತಟ್ಟೆಯ ಹೊರಮೈಗೆ ದಪ್ಪಗೆ ಒಂದು ಬೊಟ್ಟಿಟ್ಟಳು. ಅಪ್ಪನ ಕೈ ಒರೆಸುವ ಬಟ್ಟೆಯ ಕಡೆಗೆ ಹೋಯಿತು.

"ಒರೆಸ್ತೀಯೇನೋ? ನಮ್ಮಪ್ಪ ಒರೆಸ್ತಿದ್ರಾ?"

ಕೈ ಹಿಂದೆ ಬಂತು. ಆರತಿಯನ್ನೂ ತಡೆದು ಗಂಧವನ್ನೂ ಒರೆಸುವುದು ಅವರಿಂದ ಆಗಲಿಲ್ಲ. ಅವರು ತಿರುಪು ತಿರುಗಿಸಿ, ತಟ್ಟೆಯನ್ನು ಗಂಧ ಸಮೇತ ಸೊನ್ನೆಗೆ ತಂದರು. ತೂಕ ಗೊತ್ತಿರುವ ಬಟ್ಟನ್ನು ಇಟ್ಟು ಪರೀಕ್ಷಿಸಿದರು, ಸರಿಯಾಗಿತ್ತು. ಅತ್ತೆ ತೃಪ್ತಳಾಗಿ ಹೋಳಿಗೆ ಮಾಡಲು ಮೇಲೆ ಹೋದಳು. ಹೊರಗೆ ಚಳಿ ಬಿದ್ದಿತ್ತು, ಆ ಬೆಳಿಗ್ಗೆಯೇ ಹೀಟರ್ ಹಾಕಿದ್ದರು. ಮೇಜಿನ ನೆತ್ತಿಗೆ ಛಾವಣಿಯಲ್ಲಿದ್ದ ಹೀಟರ್ ಕಿಂಡಿಯಿಂದ ಬಿಸಿಗಾಳಿ ಮೆಲ್ಲಗೆ ಇಳಿಯುತ್ತಿತ್ತು. ಅಪ್ಪ ಚಮಚದಲ್ಲಿ ಮದ್ದು ತೆಗೆಯುವರು, ತಟ್ಟೆಗೆ ಉದುರಿಸುವರು, ಕೊನೆಯ ಎರಡು ಮೂರು ಚೂರನ್ನು ಬೆರಳು ತಟ್ಟಿ ಬೀಳಿಸುವರು, ಮುಳ್ಳು ನಿಲ್ಲುವವರೆಗೆ ಉಸಿರು ಹಿಡಿಯುವರು, ಕೊಳವೆಗೆ ಸುರಿಯುವರು, ಟಾರ್ಚ್ ಹಾಕಿ ಬಗ್ಗಿ ನೋಡುವರು, ಗುಂಡು ಕೂರಿಸುವರು. ಮತ್ತೆ ಮೊದಲಿನಿಂದ. ನನಗೆ ಬೇಸರ ಬರಲಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬರಿಗಾಗಿ ಇಷ್ಟು ನಿಗಾ ವಹಿಸುವುದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ಅದನ್ನು ಪ್ರೀತಿ ಎನ್ನುತ್ತಾರೆ ಎಂದು ಯಾರೂ ಹೇಳಿಕೊಡದಿದ್ದರೂ ಗೊತ್ತಾಗಿತ್ತು.

ಪೆಟ್ಟಿಗೆ ತುಂಬಿತು. ಬೂದು ಮೂತಿಯ ಕಾಡತೂಸುಗಳು ಸಾಲಾಗಿ ನಿಂತವು. ಆಮೇಲೆ ಅಪ್ಪ ಎಂದಿನಂತೆ ಖಾಲಿ ತಟ್ಟೆಯನ್ನು ಮತ್ತೆ ತಕ್ಕಡಿಗೆ ತೂಗುಹಾಕಿದರು. ಅಂಗಡಿ ತೆಗೆಯುವಾಗ ನೋಡಿದ ಸೊನ್ನೆಯನ್ನು ಮುಚ್ಚುವಾಗಲೂ ನೋಡಬೇಕು ಎನ್ನುವುದು ತಾತನ ಪಾಠ. ಮುಳ್ಳು ಸೊನ್ನೆಗೆ ಬರಲಿಲ್ಲ. ತಟ್ಟೆ ಮೇಲೆದ್ದೇ ನಿಂತಿತು. ಅಪ್ಪ ಗಾಳಿ ಇರಬೇಕೆಂದು ಕೈ ಅಡ್ಡ ಹಿಡಿದರು, ಕಾದರು. ತಟ್ಟೆ ಇಳಿಯಲಿಲ್ಲ. ಕೊಕ್ಕೆಯಿಂದ ಬಿಡಿಸಿ ಮಗುಚಿ ನೋಡಿದರೆ ಗಂಧ ಒಣಗಿ ಬಿರುಕು ಬಿಟ್ಟಿತ್ತು, ಒಂದು ಅಂಚು ಉದುರಿಯೇ ಹೋಗಿತ್ತು. ಹಸಿ ಗಂಧದ ನೀರು ಆರಿದಷ್ಟೂ ತಟ್ಟೆ ಹಗುರವಾಗಿದೆ; ತಟ್ಟೆ ಹಗುರವಾದಷ್ಟೂ ಅದನ್ನು ಸರಿದೂಗಿಸಲು ಮದ್ದು ಹೆಚ್ಚು ಬಿದ್ದಿದೆ. ಎಲ್ಲಿಂದ ಶುರುವಾಯಿತು, ಯಾವ ಕಾಡತೂಸಿನಲ್ಲಿ ಎಷ್ಟು ಹೆಚ್ಚಿದೆ, ಹೇಳುವಂತಿಲ್ಲ. ಅಪ್ಪ ಅಂತರವನ್ನು ತೂಗಿ ನೋಡಿದರು.

"ಅರ್ಧ ಗುಲಗಂಜಿ," ಎಂದರು.

ಕೇಳಿದರೆ ಏನೂ ಅಲ್ಲ. ಆದರೆ ಅಮ್ಮನ ಕಾಡತೂಸಿಗೆ ಬೇಕಾದ ಮದ್ದೇ ಎರಡು ಗುಲಗಂಜಿಯ ಆಸುಪಾಸು. ಅಪ್ಪ ಸ್ಟೂಲಿನ ಮೇಲೆ ಕೂತರು, ಎರಡೂ ಕೈ ತೊಡೆಯ ಮೇಲೆ. ತಮ್ಮಷ್ಟಕ್ಕೆ ಮಾತಾಡಿಕೊಂಡರು.

"ರಿವಾಲ್ವರ್ ಗಟ್ಟಿ ಇದೆ. ತಡ್ಕೊಳ್ಳುತ್ತೆ." ತಟ್ಟೆಯ ಕಡೆ ನೋಡಿ, "ತಡ್ಕೊಳ್ಳಬಹುದು."

ಬೀರುವಿನಲ್ಲಿ ಅಂಗಡಿಯಿಂದ ತಂದ ಕಾಡತೂಸಿನ ಒಂದು ಪೆಟ್ಟಿಗೆ ಇತ್ತು. ಅಮ್ಮನಿಗೆ ಅದಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ನಾನು ಮೆಟ್ಟಿಲ ಮೇಲಿಂದ ಅದರ ಕಡೆ ಬೆರಳು ತೋರಿಸಿದೆ.

"ಅಪ್ಪಾ, ಯೂಸ್ ದೋಸ್. ಶೀ ವೋಂಟ್ ನೋ."

"ಹಾರಿಸ್ತೀನಿ ಅಂದಿದ್ದು ನಾನು ತುಂಬಿದ್ದನ್ನ ಪುಟ್ಟಿ," ಎಂದು ಅವರು ಎದ್ದರು.

ಮೇಲೆ ಅಮ್ಮ ಸಿದ್ಧವಾಗಿ ನಿಂತಿದ್ದಳು. ಚೂಡಿದಾರ್, ವಾಕಿಂಗ್ ಶೂ, ಬಿಗಿಯಾಗಿ ಕಟ್ಟಿದ ಜಡೆ. ಮುಖದ ಬಣ್ಣ ಇಳಿದಿದ್ದರೂ ಗಲ್ಲ ಎತ್ತಿಕೊಂಡಿದ್ದಳು. ಅತ್ತೆ ಕಾವಲಿಯ ಮೇಲೆ ಹೋಳಿಗೆ ತಿರುವುತ್ತಿದ್ದಳು. ಅಪ್ಪ ಅಡುಗೆಮನೆಯ ನಡುವೆ ನಿಂತು, ಸುತ್ತಿಬಳಸದೆ ಇದ್ದದ್ದನ್ನು ಇದ್ದ ಹಾಗೆ ಹೇ‍ಳಿದರು. ಅತ್ತೆಯ ಕೈಯ ಸಟ್ಟುಗ ನಿಂತಿತು.

"ಅಯ್ಯೋ, ನನ್ನ ಕೈಯಾರೆ ಎಂಥಾ ಕೆಲಸ ಮಾಡಿಬಿಟ್ಟೆ ಮಂಜು."

"ಗಂಧದ್ದೇನು ತಪ್ಪಕ್ಕ? ಒಣಗೋದು ಅದರ ಧರ್ಮ. ತೂಗೋನು ನಾನು."

ಆಮೇಲೆ ಅಮ್ಮನ ಕಡೆ ತಿರುಗಿದರು.

"ಲಲಿತ, ಇವತ್ತು ಆಗಲ್ಲ. ನಾನು ತುಂಬಿದ್ದು ಸರಿ ಇಲ್ಲ. ಎಲ್ಲಾ ಒಡೀತೀನಿ. ನಾಳೆ ಮೆಷಿನ್ ಗ್ಯಾರಿಗೆ ಕೊಡಬೇಕು ಅಂದ್ರೆ ಕೊಡ್ತೀನಿ, ಮಾತು ಅಂದ್ರೆ ಮಾತು."

"ಹಾರಿಸಿದ್ರೆ ಏನಾಗ್ತಿತ್ತು?"

"ಬಹುಶಃ ಏನೂ ಆಗ್ತಿರ್ಲಿಲ್ಲ."

"ಮತ್ತೆ?"

"ಬಹುಶಃ," ಎಂದರು ಅಪ್ಪ. ಅಷ್ಟೇ ಹೇಳಿ ಕೆಳಗಿಳಿದರು.

ಹೋಳಿಗೆಯ ವಾಸನೆ ತುಂಬಿದ ಮನೆಗೆ ಕೆಳಗಿನಿಂದ ಟಕ್, ಟಕ್ ಎಂಬ ಸದ್ದು ಏರತೊಡಗಿತು. ತುಂಬಿದ ಕಾಡತೂಸನ್ನು ಬಿಚ್ಚಲು ಒಂದು ಪ್ಲಾಸ್ಟಿಕ್ ಸುತ್ತಿಗೆ ಇರುತ್ತದೆ. ಅದರ ತಲೆಯೊಳಗೆ ಕಾಡತೂಸು ಸಿಕ್ಕಿಸಿ ಮರದ ದಿಮ್ಮಿಗೆ ಕುಟ್ಟಿದರೆ ಗುಂಡು ಸಡಿಲವಾಗಿ ಮದ್ದಿನ ಸಮೇತ ಈಚೆ ಬೀಳುತ್ತದೆ. ಒಂದೊಂದಕ್ಕೂ ಹಲವು ಪೆಟ್ಟು. ಬೆಳಗಿನಿಂದ ಉಸಿರು ಹಿಡಿದು ಕಟ್ಟಿದ್ದನ್ನು ಅಪ್ಪ ಕುಟ್ಟಿ ಕುಟ್ಟಿ ಕೆಡವುತ್ತಿದ್ದರು. ಹಬ್ಬದ ದಿನ ಒಡೆಯುವ ಸದ್ದು ಕೇಳಬೇಕಾಯಿತಲ್ಲ ಎಂದು ಅತ್ತೆ ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಅಮ್ಮ ಮಾತ್ರ ನಿಂತಲ್ಲೇ ನಿಂತು ಕೇಳಿದಳು, ಗೋಡೆಯ ಮರೆಯಲ್ಲಿ ನಿಂತು ಕುಕ್ಕರಿನ ಸೀಟಿ ಕೇಳುವ ಹಾಗೆ. ಆಮೇಲೆ ಸಿಂಕಿನ ಬಳಿ ಹೋಗಿ ಸೋಪು ಹಾಕಿ ಕೈ ತೊಳೆದಳು. ಬಾಯಿ ಮುಕ್ಕಳಿಸಿದಳು. ಬೇಸ್‌ಮೆಂಟಿನ ಮೆಟ್ಟಿಲಿಳಿದಳು, ಕೊನೆಯ ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತಳು, ಮತ್ತು ದಾಟಿದಳು. ನಾನು ಅವಳ ಹಿಂದೆಯೇ ಇಳಿದೆ. ಅಪ್ಪ ಸುತ್ತಿಗೆ ಎತ್ತಿದವರು ಹಾಗೇ ನೋಡಿದರು.

"ಕುಕ್ಕರ್ ಸಿಡಿದ ದಿನ ನಮ್ಮಪ್ಪ ಆಸ್ಪತ್ರೇಲಿ ಏನು ಹೇಳಿದ್ರು ಗೊತ್ತಾ ನಿಮಗೆ? ನಾನು ನಿಮಗೆ ಯಾವತ್ತೂ ಹೇಳಿಲ್ಲ."

"ಇಲ್ಲ."

"ವಾಲ್ವ್ ಹಾಳಾಗಿರೋದು ಅವರಿಗೆ ಮೊದಲೇ ಗೊತ್ತಿತ್ತಂತೆ. ಏನೂ ಆಗಲ್ಲ, ಇನ್ನೊಂದು ವಾರ ನಡೀಲಿ ಅಂದ್ಕೊಂಡಿದ್ರಂತೆ." ಅಮ್ಮನ ದನಿ ನಡುಗಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು. "ಒಳ್ಳೆಯವರೇ ನಮ್ಮಪ್ಪ. ನನ್ನ ಕಂಡ್ರೆ ಪ್ರಾಣ. ಆದ್ರೂ ಹಾಗಂದ್ಕೊಂಡ್ರು. ನೀವು ಒಡೀತಾ ಇದ್ದೀರ."

ಅಪ್ಪ ಸುತ್ತಿಗೆಯನ್ನು ದಿಮ್ಮಿಯ ಮೇಲಿಟ್ಟರು. ಅಮ್ಮ ಅಕ್ಕಿ ಚೀಲದ ಮೇಲೆ ಕೂತು, ಕೆಳಗೆ ಬಿದ್ದ ಸೀಸದ ಗುಂಡುಗಳನ್ನು ಒಂದು ಬಟ್ಟಲಿಗೆ ಆರಿಸತೊಡಗಿದಳು.

"ಮೆಷಿನ್ ಇರ್ಲಿ," ಎಂದಳು. "ಕುಟ್ಟಿ, ಯಾಕೆ ನಿಲ್ಲಿಸಿದ್ರಿ?"

ಹೋಳಿಗೆ ತಣ್ಣಗಾಗಿತ್ತು. ಎಲ್ಲರೂ ಸಂಜೆಯ ಬಿಸಿಲಿನಲ್ಲಿ ಊಟಕ್ಕೆ ಕೂತೆವು. ಒಡೆದು ತೆಗೆದ ಮದ್ದನ್ನು ಅಪ್ಪ ಹಿತ್ತಲ ಹುಲ್ಲಿನ ಮೇಲೆ ತೆಳ್ಳಗೆ ಚೆಲ್ಲಿ ಬಂದಿದ್ದರು. ಊಟದ ನಡುವೆ ಅವರು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ, "ಅಕ್ಕ, ನೆನಪಿದೆಯಾ, ವಿಜಯದಶಮಿ ದಿನ ಅಪ್ಪ ಒಂದೇ ಒಂದು ಗುಲಗಂಜಿ ತೂಗಿ ತಕ್ಕಡಿಗೆ ಬಟ್ಟೆ ಮುಚ್ಚಿಬಿಡ್ತಿದ್ರು. ಗಿರಾಕಿ ಬಂದ್ರೂ ನಾಳೆ ಬನ್ನಿ ಅಂತಿದ್ರು," ಎಂದರು. ಅತ್ತೆ ಹೂಂ ಎಂದಳು. ಅದು ದೇವರಿಗೆ ಕೊಡುವ ರಜೆ ಎಂದು ಇಬ್ಬರೂ ಚಿಕ್ಕಂದಿನಿಂದ ತಿಳಿದಿದ್ದರು. "ರಜೆ ಅಲ್ಲ ಅಕ್ಕ, ಗಂಧ ಒಣಗೋವರೆಗೂ ಕಾಯ್ತಿದ್ರು," ಎಂದರು ಅಪ್ಪ. ಎಂದೋ ತೀರಿಹೋದ ತಂದೆ ಅವತ್ತು ಅವರ ಕಣ್ಣಲ್ಲಿ ಇನ್ನಷ್ಟು ಎತ್ತರವಾದರು ಎಂದು ನನಗನ್ನಿಸುತ್ತದೆ. ನನ್ನ ಕಣ್ಣಲ್ಲಿ ಎತ್ತರವಾದವರು ಅಪ್ಪ.

ಹಿಮ ಬೀಳುವ ಮೊದಲು ಒಂದು ಶನಿವಾರ ಶೂಟಿಂಗ್ ಕ್ಲಬ್ಬಿನಲ್ಲಿ ಅಮ್ಮ ಹಾರಿಸಿದಳು, ಅಪ್ಪ ಹೊಸದಾಗಿ ತುಂಬಿದ್ದನ್ನು. ಗಾಜಿನ ಹಿಂದೆ ಅತ್ತೆ ಮತ್ತು ನಾನು, ಇಬ್ಬರ ಕಿವಿಗೂ ದೊಡ್ಡ ಕಿವಿಮುಚ್ಚುಗಗಳು. ಅತ್ತೆಯ ಮೂಗುತಿ, ಮೈಸೂರು ಸಿಲ್ಕು, ಅದರ ಮೇಲೆ ಈ ಕಿವಿಮುಚ್ಚುಗ. ಅಪ್ಪ ಅಮ್ಮನ ಹಿಂದೆ ಒಂದು ಹೆಜ್ಜೆ ಬಿಟ್ಟು ನಿಂತಿದ್ದರು, ಮುಟ್ಟಲಿಲ್ಲ. ಅಮ್ಮನ ಸುಕ್ಕುಗಟ್ಟಿದ ಮುಂಗೈ ನೆಟ್ಟಗೆ ಚಾಚಿತು. ಒಂದು ಮೆತ್ತನೆಯ ಪೆಟ್ಟು, ಅಷ್ಟೇ. ಕಾಗದದ ಮೂಲೆಯಲ್ಲಿ, ನಡುವಿನ ಗುರುತಿಗೆ ಬಲು ದೂರದಲ್ಲಿ, ಕತ್ತರಿಯಿಂದ ಕತ್ತರಿಸಿದಷ್ಟು ಗುಂಡನೆಯ ಒಂದು ತೂತು ಬಿತ್ತು. ಅಮ್ಮ ರಿವಾಲ್ವರನ್ನು ಹಲಗೆಯ ಮೇಲಿಟ್ಟು, ಮೊದಲು ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು. "ಇಷ್ಟೇನಾ?" ಎಂದು ಕೇಳಿದ್ದು ಗಾಜಿನಾಚೆಗೂ ಅವಳ ತುಟಿಯಲ್ಲಿ ಕಂಡಿತು. ಮತ್ತೆಂದೂ ಅವಳು ಹಾರಿಸಲಿಲ್ಲ. ಬೇಕಾಗಲಿಲ್ಲ. ಆದರೆ ಅಕ್ಕಿ ತರಲು ತಾನೇ ಕೆಳಗಿಳಿಯುತ್ತಿದ್ದಳು, ಕೈ ತೊಳೆದುಕೊಂಡು.

ಮುಂದಿನ ವರ್ಷ ಆಯುಧಪೂಜೆಗೆ ಅತ್ತೆ ಇರಲಿಲ್ಲ. ಸಾಣೆಕಲ್ಲನ್ನು ನಮಗೇ ಬಿಟ್ಟುಹೋಗಿದ್ದಳು. ಪೂಜೆಯ ಹೊತ್ತಿಗೆ ಸರಿಯಾಗಿ ಮೈಸೂರಿನಿಂದ ಫೋನ್ ಬಂತು. ಅಮ್ಮ ಗಂಧದ ಬಟ್ಟಲನ್ನು ಕೈಯಲ್ಲಿ ಹಿಡಿದೇ ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡಳು. ತಕ್ಕಡಿಗೆ ಮಾತ್ರ ಇಡಬೇಡ ಮಾರಾಯಿತಿ ಎಂದು ಅತ್ತೆ ಕೂಗುತ್ತಿದ್ದದ್ದು ನನಗೂ ಕೇಳುತ್ತಿತ್ತು.

"ಇಲ್ಲ ಅತ್ತಿಗೆ, ತಕ್ಕಡಿಗೆ ಇಡಲ್ಲ. ರೀ, ಸ್ವಲ್ಪ ಬಲಗೈ ಕೊಡಿ ಇಲ್ಲಿ."

ಅಪ್ಪನಿಗೆ ಅರ್ಥವಾಗಲಿಲ್ಲ, ಸುಮ್ಮನೆ ಕೈ ಚಾಚಿದರು. ಚಮಚ ತಟ್ಟಿ ಕೊನೆಯ ಚೂರು ಬೀಳಿಸುವ ಆ ಬೆರಳುಗಳ ಬುಡಕ್ಕೆ, ಕೈಯ ಹಿಂಭಾಗಕ್ಕೆ, ಅಮ್ಮ ದಪ್ಪಗೆ ಒಂದು ಗಂಧದ ಬೊಟ್ಟಿಟ್ಟು, ಅದರ ನಡುವೆ ಕುಂಕುಮ ಒತ್ತಿ, ಬಗ್ಗಿ ಎರಡೂ ಕಣ್ಣಿಗೆ ಒತ್ತಿಕೊಂಡಳು. ಅಪ್ಪ ಕೆಂಪಾದರು. ಅವತ್ತು ಅವರು ಬೇಸ್‌ಮೆಂಟಿಗೆ ಇಳಿಯಲಿಲ್ಲ. ದೇವರ ಮುಂದೆ ಕಾಫಿ ಲೋಟ ಹಿಡಿದು ನಿಲ್ಲುವ ಮನುಷ್ಯ, ಬಲಗೈ ತೊಳೆದರೆ ಗಂಧ ಹೋದೀತೆಂದು, ರಾತ್ರಿಯ ಊಟಕ್ಕೆ ಕೂತಾಗ ಎಡಗೈಯಲ್ಲಿ ಚಮಚ ಹಿಡಿದು ಹುಳಿಯನ್ನ ತಿಂದರು.